ಪ್ರಶ್ನೆಯಲ್ಲ, ಒಂದು ಸಣ್ಣ ಅಭಿಪ್ರಾಯ

ಬೆಂಗಳೂರಿನ ಯಾವ ವಿಜ್ಞಾನ ಸಮ್ಮೇಳನಕ್ಕೆ ಹೋದರೂ ಮೈಕ್ ಮೇಷ್ಟ್ರು ನಿಮಗಿಂತ ಮೊದಲೇ ಬಂದು ಕೂತಿರುತ್ತಾರೆ. ಮೂರನೆಯ ಸಾಲು, ಓಡಾಡುವ ದಾರಿಗೆ ಅಂಟಿದ ಕುರ್ಚಿ. ಮೊದಲೆರಡು ಸಾಲಿನ ಕುರ್ಚಿಗಳ ಬೆನ್ನಿಗೆ 'ಗಣ್ಯರಿಗೆ ಮೀಸಲು' ಎಂಬ ಚೀಟಿ ಅಂಟಿರುತ್ತದೆ. ದೀಪ ಬೆಳಗಿ, ಸ್ಮರಣ ಸಂಚಿಕೆ ಬಿಡುಗಡೆಯಾಗಿ, ಮೈಸೂರು ಪೇಟ ತೊಡಿಸಿಕೊಂಡವರು ಅದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು ಕಾರು ಹತ್ತಿದ ಮೇಲೆ ಆ ಎರಡು ಸಾಲು ಬರಿದು. ಆಗ ಮೂರನೆಯದೇ ಮೊದಲನೆಯದು. ಈ ಲೆಕ್ಕ ಮೇಷ್ಟ್ರಿಗೆ ಮುಂಚೆಯೇ ಗೊತ್ತು. ದಾರಿಗೆ ಅಂಟಿದ ಕುರ್ಚಿಯೇ ಯಾಕೆಂದರೆ, ಮೈಕ್ ಹಿಡಿದ ಹುಡುಗ ಓಡಾಡುವುದು ಅದೇ ದಾರಿಯಲ್ಲಿ.

ತೋಳಿಲ್ಲದ ಬೂದು ಸ್ವೆಟರು, ಅಂಗಿ ಜೇಬಿನಲ್ಲಿ ಎರಡು ಪೆನ್ನು, ಕಾಲ ಬಳಿ ಬಟ್ಟೆಯ ಚೀಲ. ಚೀಲ ಈ ಸಮ್ಮೇಳನದ್ದಲ್ಲ, ಇನ್ಯಾವುದೋ ಹಳೆಯದರದ್ದು. ಅಕ್ಷರ ಮಾಸಿ ಇಸವಿ ಮಾತ್ರ ಉಳಿದಿದೆ. ಈ ಸಲ ಕೊಟ್ಟ ಹೊಸ ಚೀಲ ಆಗಲೇ ಮಡಿಸಿ ಒಳಗೆ ಸೇರಿದೆ, ಮೊಮ್ಮಗನ ಟ್ಯೂಷನ್ನಿಗೆ. ಬ್ಯಾಡ್ಜಿನಲ್ಲಿ ಹೆಸರಿನ ಕೆಳಗೆ ಸಂಸ್ಥೆ ಇರಬೇಕಾದ ಜಾಗದಲ್ಲಿ 'ನಿವೃತ್ತ ಪ್ರಾಧ್ಯಾಪಕರು' ಎಂದಿದೆ. ಅವರು ನಿವೃತ್ತರಾದದ್ದು ಕೆಲಸದಿಂದ. ನಲವತ್ತೈದು ನಿಮಿಷದ ಪೀರಿಯಡ್ಡಿನಿಂದ ಇನ್ನೂ ಆಗಿಲ್ಲ.

ಮೈಕ್ ಮೇಷ್ಟ್ರು ಎಂದರೆ ಯಾರೋ ಒಬ್ಬರು ಎಂದುಕೊಳ್ಳಬೇಡಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಬೆಳೆಗಳ ಬಗ್ಗೆ ಗೋಷ್ಠಿ ನಡೆದರೆ ಅಲ್ಲೊಬ್ಬರು ಏಳುತ್ತಾರೆ. ಮಾತು ಹತ್ತಿಯ ಹುಳುವಿನ ಮೇಲಿದ್ದರೂ ಅವರು ಶುರು ಮಾಡುವುದು ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಇಂಡಾಫ್ ರಾಗಿ ತಳಿಗಳನ್ನು ರೂಪಿಸಿದ ಕಾಲದಿಂದ. ವೈದ್ಯರ ಸಮ್ಮೇಳನದಲ್ಲಿ ಇನ್ನೊಬ್ಬರು, 'ನನ್ನ ನಲವತ್ತು ವರ್ಷದ ಪ್ರಾಕ್ಟೀಸಿನಲ್ಲಿ' ಎನ್ನುತ್ತಾರೆ. ಗಣಿತದವರು ಮಾತ್ರ ಪಾರು. ಅಲ್ಲಿ ಭಾಷಣದ ಐದನೇ ನಿಮಿಷಕ್ಕೆ ಯಾರಿಗೂ ಏನೂ ಅರ್ಥವಾಗುತ್ತಿರುವುದಿಲ್ಲ, ಹಾಗಾಗಿ ಅಭಿಪ್ರಾಯವೂ ಹುಟ್ಟುವುದಿಲ್ಲ. ಪತ್ರಿಕೆಗೆ ಬರೆಯುವ ನೆಪದಲ್ಲಿ ನಾನು ಹೆಚ್ಚಾಗಿ ಓಡಾಡಿರುವುದು ಖಗೋಳದವರ ನಡುವೆ. ಆದ್ದರಿಂದ ಇಲ್ಲಿ ಬರುವವರು ಖಗೋಳದ ಮೈಕ್ ಮೇಷ್ಟ್ರು.

ಪಿಎಚ್‌ಡಿ ಮಾಡುವ ಹುಡುಗರಿಗೆ ಇಂಥ ಕಡೆ ಸಿಗುವುದು ಹನ್ನೆರಡು ನಿಮಿಷದ ಮಾತು, ಮೂರು ನಿಮಿಷದ ಪ್ರಶ್ನೆ. ಹುಡುಗ ಪುಣೆಯ ಆಚೆ ಖೋಡದ್ ಹಳ್ಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ, ನಲವತ್ತೈದು ಮೀಟರ್ ಅಗಲದ ಮೂವತ್ತು ಡಿಶ್‌ಗಳನ್ನು ಆಕಾಶದ ಒಂದು ಮೂಲೆಗೆ ತಿರುಗಿಸಿಕೊಂಡು ರಾತ್ರಿಯೆಲ್ಲ ಕೂತಿದ್ದಾನೆ. ಬಂದ ದತ್ತಾಂಶದಲ್ಲಿ ಮೊಬೈಲ್ ಟವರಿನ ಗದ್ದಲ ಯಾವುದು, ಗೆಲಾಕ್ಸಿಯ ದನಿ ಯಾವುದು ಎಂದು ಬಿಡಿಸಿಕೊಂಡು ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದಾನೆ. ಅದನ್ನೆಲ್ಲ ಹನ್ನೆರಡು ನಿಮಿಷಕ್ಕೆ ಅಡಕಿಸಲು ಹಾಸ್ಟೆಲಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದವನು, ಹನ್ನೆರಡನೇ ನಿಮಿಷಕ್ಕೆ ಸರಿಯಾಗಿ 'ಥ್ಯಾಂಕ್ಯೂ' ಎಂಬ ಸ್ಲೈಡಿಗೆ ಬಂದು ನಿಲ್ಲುತ್ತಾನೆ. ಅವನ ಬದುಕಿನಲ್ಲಿ ಸಮಯಕ್ಕೆ ಸರಿಯಾಗಿ ಮುಗಿದ ಕೆಲಸ ಇದೊಂದೇ. ಅಧ್ಯಕ್ಷರು ಸಭೆಯತ್ತ ನೋಡಿ, ಪ್ರಶ್ನೆಗಳಿದ್ದರೆ ಕೇಳಬಹುದು ಎನ್ನುತ್ತಾರೆ.

ಮೇಷ್ಟ್ರು ಕೈ ಎತ್ತುವುದಿಲ್ಲ. ಎದ್ದೇ ನಿಲ್ಲುತ್ತಾರೆ. ಕೈ ಎತ್ತಿದವರಲ್ಲಿ ಯಾರನ್ನು ಕರೆಯಬೇಕೆಂದು ಅಧ್ಯಕ್ಷರು ಯೋಚಿಸಬಹುದು. ಎದ್ದು ನಿಂತ ಹಿರಿಯರನ್ನು ಕೂರಿಸುವುದು ಹೇಗೆ?

"ಥ್ಯಾಂಕ್ಯೂ ಚೇರ್ಮನ್. ಮೊದಲು ಈ ಯುವಕನಿಗೆ ಅಭಿನಂದನೆ. ಬಹಳ ಚೆನ್ನಾಗಿ ಮಾತಾಡಿದ. ನಂದು ಪ್ರಶ್ನೆ ಅಲ್ಲ, ಒಂದು ಸಣ್ಣ ಕಾಮೆಂಟು. ಅಂದರೆ ಎರಡು. ಎರಡನೇದರಲ್ಲಿ ಮೂರು ಭಾಗ ಇದೆ."

ಇಲ್ಲಿಂದ ಮುಂದೆ ಸಭೆ ಗೌರಿಬಿದನೂರಿಗೆ ಹೋಗುತ್ತದೆ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಮೇಷ್ಟ್ರ ಕಾಲಕ್ಕೆ ಅದಿನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ, ಇದನ್ನೂ ಮೇಷ್ಟ್ರು ಹೇಳದೆ ಬಿಡುವುದಿಲ್ಲ. ಅಲ್ಲಿಯ ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರಕ್ಕೆ ಸಾವಿರ ಡೈಪೋಲ್ ಆಂಟೆನಾ ನೆಟ್ಟು, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದದ ರೇಡಿಯೊ ದೂರದರ್ಶಕ ಕಟ್ಟಿದ್ದರು. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಹೇಗೆ ಕಾಣುತ್ತದೆಂದು ಅಲ್ಲಿಂದಲೇ ನಕ್ಷೆ ತಯಾರಾಯಿತು. ನಿಜವಾಗಿ ದೊಡ್ಡ ಕೆಲಸ, ಕೂತು ಕೇಳಬೇಕಾದ ಕತೆ. ಡೈಪೋಲ್ ತಂತಿಯ ಮೇಲೆ ಹಕ್ಕಿ ಕೂರುತ್ತಿದ್ದದ್ದು, ಮಳೆ ಬಂದರೆ ಜೀಪು ಹೂತುಕೊಳ್ಳುತ್ತಿದ್ದದ್ದು, ಪಂಚ್ ಕಾರ್ಡಿನ ಡಬ್ಬ ಹೊತ್ತು ಬಸ್ಸಿನಲ್ಲಿ ಬೆಂಗಳೂರಿಗೆ ಬರುತ್ತಿದ್ದದ್ದು, ಎಲ್ಲವೂ ಮೇಷ್ಟ್ರ ಬಾಯಲ್ಲಿ ರಸವತ್ತಾಗಿ ಬರುತ್ತದೆ. ಆ ಹುಡುಗನ ಮೂರು ನಿಮಿಷದಲ್ಲಿ ಬರಬೇಕೇ ಎನ್ನುವುದಷ್ಟೇ ತಕರಾರು.

ಮೇಷ್ಟ್ರಿಗೆ ಕಾವಲೂರಿನ ವೀಕ್ಷಣಾಲಯದ ಕತೆಯೂ ಗೊತ್ತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ ಅಲ್ಲಿಯ ಒಂದು ಮೀಟರ್ ದೂರದರ್ಶಕವೂ ಅದನ್ನು ನೋಡುತ್ತಿತ್ತು. ಆ ಗ್ರಹಕ್ಕೂ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಆ ದಿನದ ವೀಕ್ಷಣೆಗಳಿಂದ. ಆ ರಾತ್ರಿ ನಾನೂ ಅಲ್ಲಿದ್ದೆ ಎನ್ನುವವರನ್ನೆಲ್ಲ ಕೂಡಿಸಿದರೆ ಕಾವಲೂರು ಇರುವ ಜವ್ವಾದಿ ಬೆಟ್ಟದಲ್ಲಿ ನಿಲ್ಲಲು ಜಾಗ ಸಾಲುವುದಿಲ್ಲ. ಮೇಷ್ಟ್ರು ಹಾಗೆ ಸುಳ್ಳು ಹೇಳುವ ಪೈಕಿಯಲ್ಲ. "ನಾನು ಮಾರನೇ ದಿನ ಹೋಗಿದ್ದೆ" ಎನ್ನುತ್ತಾರೆ.

ಇಷ್ಟರಲ್ಲಿ ವೇದಿಕೆಯ ಮೇಲಿನ ಹುಡುಗನ ಮುಖದಲ್ಲಿ ಒಂದು ನಗು ನೆಟ್ಟುಕೊಂಡಿರುತ್ತದೆ. ಮಾತು ಪ್ರಶ್ನೆಯ ಕಡೆ ಎಲ್ಲಿ ತಿರುಗಬಹುದು ಎಂದು ಅವನು ಕಾಯುತ್ತಾನೆ. 'ಆದ್ದರಿಂದ' ಎಂಬ ಮಾತು ಬಂದಾಗಲೆಲ್ಲ ಎಚ್ಚರವಾಗುತ್ತಾನೆ. ಅದು ಇನ್ನೊಂದು ನೆನಪಿಗೆ ಪೀಠಿಕೆ ಎಂದು ತಿಳಿದು ಮತ್ತೆ ನಗುತ್ತಾನೆ. ಕೊನೆಗೆ ಮೇಷ್ಟ್ರು ಉಸಿರೆಳೆದುಕೊಂಡಾಗ, ಅವನ ಗೈಡು ಹೇಳಿಕೊಟ್ಟು ಕಳಿಸಿದ ವಾಕ್ಯ ಬರುತ್ತದೆ: "ಒಳ್ಳೆಯ ಅಂಶ ಸರ್, ಖಂಡಿತ ಗಮನಿಸ್ತೀನಿ." ಏನನ್ನು ಎಂದು ಇಬ್ಬರಿಗೂ ತಿಳಿದಿಲ್ಲ. ಮೇಷ್ಟ್ರು ತೃಪ್ತಿಯಿಂದ ಕೂರುತ್ತಾರೆ. ಅಧ್ಯಕ್ಷರು, ಸಮಯ ಮೀರಿದೆ, ಉಳಿದ ಚರ್ಚೆ ಕಾಫಿಗೆ ಎನ್ನುತ್ತಾರೆ.

ಅಧ್ಯಕ್ಷರು ಯಾಕೆ ತಡೆಯುವುದಿಲ್ಲ ಎಂದು ಹೊರಗಿನವರು ಕೇಳಬಹುದು. ಮೇಜಿನ ಮೇಲೆ ಗಂಟೆ ಇದೆ. ಕೆಲವು ಕಡೆ ಹಸಿರು, ಹಳದಿ, ಕೆಂಪು ದೀಪವೂ ಇರುತ್ತದೆ. ಆದರೆ ದೀಪ ಇರುವುದು ವೇದಿಕೆಯ ಮೇಲಿನವರಿಗೆ. ಕೆಳಗಿನವರಿಗೆ ಸಿಗ್ನಲ್ ಹಾಕಿದವರಿಲ್ಲ. ಜೊತೆಗೆ, ಅಧ್ಯಕ್ಷರು ಮೇಷ್ಟ್ರ ಕೈಕೆಳಗೆ ಎಂಎಸ್ಸಿ ಓದಿದವರು. ಸಭೆಯಲ್ಲಿ ಕೂತ ಅರ್ಧ ಜನ ಒಂದಲ್ಲ ಒಂದು ಕಾಲಕ್ಕೆ ಅವರ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ವೈವಾ ಕೊಟ್ಟು ಬೆವರಿದವರು. ಈಗ ದೇಶದ ದೊಡ್ಡ ಸಂಸ್ಥೆಯ ಡೀನ್ ಆಗಿದ್ದರೂ ಮೇಷ್ಟ್ರ ದನಿ ಕೇಳಿದರೆ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಗುರುವಿಗೆ ಗಂಟೆ ಹೊಡೆಯುವುದೆಂದರೆ ನಮ್ಮಲ್ಲಿ ಪೂಜೆಯಲ್ಲಿ ಮಾತ್ರ. ಹಾಗಾಗಿ ಅಧ್ಯಕ್ಷರು ಅರ್ಧ ಎದ್ದು ನಿಲ್ಲುತ್ತಾರೆ, ವಾಚು ನೋಡುತ್ತಾರೆ, 'ಹೂಂ ಸರ್, ಹೂಂ ಸರ್' ಎಂದು ವೇಗವಾಗಿ ತಲೆಯಾಡಿಸುತ್ತಾರೆ. ಮೇಷ್ಟ್ರಿಗೆ ಅದು ಪ್ರೋತ್ಸಾಹವಾಗಿ ಕಾಣುತ್ತದೆ.

ಮೇಷ್ಟ್ರ ನೆಂಟರಿಷ್ಟರೂ ಸಭೆಯಲ್ಲಿರುತ್ತಾರೆ, ಅವರನ್ನು ಬೇಗ ಮುಗಿಸಿಬಿಡುತ್ತೇನೆ. ತಮ್ಮ ಪ್ರಬಂಧವನ್ನು ಹೆಸರಿಸಲಿಲ್ಲ ಎಂಬ ನೋವನ್ನು ಪ್ರಶ್ನೆಯ ರೂಪದಲ್ಲಿ ತೋಡಿಕೊಳ್ಳುವವರು ಒಬ್ಬರು. ಯಾವ ಭಾಷಣವಾದರೂ ಸರಿ, "ಕಾಂತಕ್ಷೇತ್ರವನ್ನು ಲೆಕ್ಕಕ್ಕೆ ತಗೊಂಡಿದ್ದೀರಾ?" ಎಂದು ಕೇಳಿ ಕೂರುವವರು ಇನ್ನೊಬ್ಬರು. ಖಗೋಳ ವಿಜ್ಞಾನದಲ್ಲಿ ಯಾರೂ ಅದನ್ನು ಪೂರ್ತಿಯಾಗಿ ಲೆಕ್ಕಕ್ಕೆ ತಗೊಂಡಿರುವುದಿಲ್ಲ, ಅಷ್ಟು ಕಷ್ಟದ ವಿಷಯ. ಆದ್ದರಿಂದ ಆ ಪ್ರಶ್ನೆ ಒಂದು ಸಲವೂ ಗುರಿ ತಪ್ಪಿದ್ದಿಲ್ಲ. ಭಾಷಣದುದ್ದಕ್ಕೂ ನಿದ್ದೆ ಮಾಡಿ, ಚಪ್ಪಾಳೆಗೆ ಎಚ್ಚೆತ್ತು, ಮೊದಲ ಸ್ಲೈಡು ತೋರಿಸಿ ಎನ್ನುವವರು ಮತ್ತೊಬ್ಬರು. ಇವರೆಲ್ಲ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ ಎಂಬ ಕಾರಣಕ್ಕೆ ನನಗೆ ಇವರ ಮೇಲೆ ಗೌರವವಿದೆ. ಮುಗಿಸುವ ವಿಷಯದಲ್ಲಿ ಶಂಖವೂ ಮೇಷ್ಟ್ರಿಗಿಂತ ವಾಸಿ. 2016ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ, ಶಂಖ ಊದುವುದು ಆರೋಗ್ಯಕ್ಕೆ ಒಳ್ಳೆಯದೆಂದು ವಿವರಿಸಿದ ಒಬ್ಬರು ಅಲ್ಲೇ ಊದಿಯೂ ತೋರಿಸಿದ್ದರು. ಪತ್ರಿಕೆಗಳೆಲ್ಲ ನಕ್ಕವು. ಆದರೆ ಶಂಖಕ್ಕೆ ಒಂದು ಗುಣವಿದೆ: ಊದುವವರ ಉಸಿರು ಮುಗಿದ ಕೂಡಲೇ ನಿಲ್ಲುತ್ತದೆ. ಮೇಷ್ಟ್ರು ಉಸಿರೆಳೆದುಕೊಳ್ಳುವುದು ಮುಂದುವರಿಸುವುದಕ್ಕೆ.

ಬ್ಯಾಡ್ಜಿನ ಹಿಂಬದಿಯಲ್ಲಿ ಈಚೆಗೆ ನಡವಳಿಕೆಯ ನಿಯಮಗಳನ್ನೂ ಅಚ್ಚು ಹಾಕುತ್ತಾರೆ. ಯಾರನ್ನೂ ಲಿಂಗ, ಜಾತಿ, ಭಾಷೆ, ಊರಿನ ಕಾರಣಕ್ಕೆ ಕೀಳಾಗಿ ಕಾಣಬಾರದು. ಕೇಳದೆ ಫೋಟೋ ತೆಗೆಯಬಾರದು. ಪ್ರಕಟವಾಗದ ಫಲಿತಾಂಶದ ಸ್ಲೈಡನ್ನು ಮೊಬೈಲಿನಲ್ಲಿ ಹಿಡಿದು ಹಂಚಬಾರದು. ಕಿರುಕುಳವಾದರೆ ಇಂಥ ಸಮಿತಿಗೆ ಹೇಳಿ, ನಂಬರು ಇದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾನೂನು 2013ರಲ್ಲಿ ಬಂತು. ಕೆಲಸದ ಮೇಲೆ ಹೋಗುವ ಬೇರೆ ಜಾಗಗಳಿಗೂ ಅದು ಅನ್ವಯಿಸುತ್ತದೆ. ಅಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾದಲ್ಲಿ ಲಿಂಗ ಸಮಾನತೆಗೆಂದೇ ಒಂದು ಕಾರ್ಯಗುಂಪು ಇದೆ. ರಾತ್ರಿ ಊಟದ ಹೊತ್ತಿಗೆ ಯಾವ ಹಿರಿಯರ ಮೇಜಿನ ಬಳಿ ಕೂರಬಾರದೆಂದು ಹುಡುಗಿಯರು ಒಬ್ಬರಿಗೊಬ್ಬರು ಪಿಸುಗುಟ್ಟಿ ಎಚ್ಚರಿಸುತ್ತಿದ್ದ ಕಾಲದಿಂದ, ಅಚ್ಚು ಹಾಕಿದ ನಿಯಮದವರೆಗೆ ಬರಲು ಬಹಳ ಹೊತ್ತು ಹಿಡಿಯಿತು.

ಮೇಷ್ಟ್ರು ಆ ನಿಯಮಗಳನ್ನು ಕನ್ನಡಕ ಏರಿಸಿ ಪೂರ್ತಿ ಓದಿದ್ದಾರೆ. ಒಂದನ್ನೂ ಮುರಿದಿಲ್ಲ, ಮುರಿಯುವವರೂ ಅಲ್ಲ. ಒಂದು ಕೆಟ್ಟ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಎಷ್ಟು ಸಜ್ಜನರೆಂದರೆ, ಗಂಡಸರು ಮಾತಾಡಿದರೆ 'ಡಾಕ್ಟರ್' ಎನ್ನುತ್ತಾರೆ, ಹೆಂಗಸರು ಮಾತಾಡಿದರೆ 'ನೋಡು ಮಗು' ಎನ್ನುತ್ತಾರೆ. ಅದು ವಾತ್ಸಲ್ಯ, ಅದರಲ್ಲಿ ಕೊಂಕಿಲ್ಲ ಎಂಬುದು ಅವರ ನಂಬಿಕೆ. ಒಮ್ಮೆ ಐವತ್ತು ದಾಟಿದ ಪ್ರೊಫೆಸರೊಬ್ಬರು ಆಹ್ವಾನಿತ ಉಪನ್ಯಾಸ ಮುಗಿಸಿ ನಿಂತಿದ್ದಾಗಲೂ 'ನೋಡು ಮಗು' ಬಂತು. ಅವರು ನಗುತ್ತಲೇ, "ಹೇಳಿ ಸರ್. ಈ ಮಗುವಿಗೆ ಮುಂದಿನ ತಿಂಗಳು ಮೊಮ್ಮಗು" ಎಂದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರೂ ನಕ್ಕರು, ಅಭಿನಂದಿಸಿದರು, ಬಾಣಂತನದ ಬಗ್ಗೆ ಒಂದು ಸಣ್ಣ ಅಭಿಪ್ರಾಯವನ್ನೂ ಸೇರಿಸಿದರು.

ಸಭ್ಯತೆಯ ಬಗ್ಗೆ ಮಾತು ಬಂದಾಗ ಮೇಷ್ಟ್ರಿಗೆ ಇಷ್ಟವಾದ ಉದಾಹರಣೆ ಖಗೋಳವಿಜ್ಞಾನಿ ಎಡಿಂಗ್ಟನ್. ಅದು ಅವರ ವಿರುದ್ಧದ ಸಾಕ್ಷಿ ಎಂದು ಅವರಿಗೆ ಹೊಳೆದಿಲ್ಲ. 1935ರ ಜನವರಿ 11, ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ. ನಮ್ಮ ಸಿ.ವಿ. ರಾಮನ್ ಅವರ ಅಣ್ಣನ ಮಗ ಚಂದ್ರಶೇಖರ್‌ಗೆ ಆಗ ಇಪ್ಪತ್ತನಾಲ್ಕು ವರ್ಷ. ಒಂದು ಮಿತಿಗಿಂತ ಹೆಚ್ಚು ದ್ರವ್ಯರಾಶಿಯ ನಕ್ಷತ್ರ ಕೊನೆಗೆ ಬಿಳಿ ಕುಬ್ಜವಾಗಿ ನೆಲೆ ನಿಲ್ಲಲಾರದು, ಕುಸಿಯುತ್ತಲೇ ಹೋಗುತ್ತದೆ ಎಂಬುದು ಅವರ ಲೆಕ್ಕ. ತಿಂಗಳುಗಟ್ಟಲೆ ಆ ಲೆಕ್ಕ ಹೇಗೆ ಸಾಗಿದೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದವರು ಎಡಿಂಗ್ಟನ್. ಹದಿನೈದು ನಿಮಿಷ ನಿನಗೆ ಸಾಲದು, ಅರ್ಧ ಗಂಟೆ ಕೊಡಿಸಿದ್ದೇನೆ ಎಂದವರೂ ಅವರೇ. ಎಂಥ ದೊಡ್ಡತನ! ಚಂದ್ರಶೇಖರ್ ಮಾತು ಮುಗಿಸಿ ಕೂತ ಮೇಲೆ ಅದೇ ಎಡಿಂಗ್ಟನ್ ಎದ್ದು, ನಕ್ಷತ್ರ ಹೀಗೆಲ್ಲ ಅಸಂಬದ್ಧವಾಗಿ ನಡೆದುಕೊಳ್ಳದಂತೆ ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕು ಎಂದು ಸಭೆಯನ್ನು ನಗಿಸಿದರು. ಉತ್ತರ ಕೊಡಲು ಹುಡುಗನಿಗೆ ಅವಕಾಶವನ್ನೇ ಕೊಡದೆ ಅಧ್ಯಕ್ಷರು ಮುಂದಿನವರನ್ನು ಕರೆದರು. ಒಂದು ಒರಟು ಮಾತಿಲ್ಲ, ಒಂದು ನಿಯಮ ಮುರಿದಿಲ್ಲ. ಈಗಿನ ಬ್ಯಾಡ್ಜು ಕೊರಳಿಗೆ ಹಾಕಿ ಕೂರಿಸಿದ್ದರೂ ಎಡಿಂಗ್ಟನ್ ಪಾಸು. ಲೆಕ್ಕ ಸರಿಯಾಗಿತ್ತು, ಚಂದ್ರಶೇಖರ್‌ಗೆ ನೊಬೆಲ್ ಬಂದದ್ದು 1983ರಲ್ಲಿ.

ಇದಕ್ಕೆ ಎದುರಾಗಿ ನಾನು ಭೌತವಿಜ್ಞಾನಿ ಪೌಲಿಯನ್ನು ಇಡುತ್ತೇನೆ. ಸಭ್ಯತೆಗೂ ಅವರಿಗೂ ಆಗಿಬರುತ್ತಿರಲಿಲ್ಲ. 1954ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಯಾಂಗ್ ಎಂಬ ತರುಣ ತಮ್ಮ ಹೊಸ ಸಿದ್ಧಾಂತವನ್ನು ಬೋರ್ಡಿನ ಮೇಲೆ ಬರೆಯತೊಡಗಿದ್ದರಷ್ಟೇ. ಪೌಲಿ ತಡೆದು ಕೇಳಿದರು: ಈ ಕ್ಷೇತ್ರದ ಕಣಕ್ಕೆ ದ್ರವ್ಯರಾಶಿ ಎಷ್ಟು? ಗೊತ್ತಿಲ್ಲ ಎಂದರು ಯಾಂಗ್. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಅದು ತೊಡಕಿನ ವಿಷಯ, ಇನ್ನೂ ಬಗೆಹರಿದಿಲ್ಲ ಎಂದರೆ, ಅದು ನೆಪವಾಗಲಾರದು ಎಂದರು ಪೌಲಿ. ಯಾಂಗ್ ಮಾತು ನಿಲ್ಲಿಸಿ ಕುರ್ಚಿಯಲ್ಲಿ ಕೂತುಬಿಟ್ಟರು. ಓಪನ್‌ಹೈಮರ್ ಮಧ್ಯೆ ಬಂದು, ಅವರು ಹೇಳುವುದನ್ನು ಹೇಳಲಿ ಬಿಡಿ ಎಂದ ಮೇಲೆ ಭಾಷಣ ಮುಂದುವರಿಯಿತು. ನಡವಳಿಕೆಯ ನಿಯಮದಲ್ಲಿ ಪೌಲಿ ಫೇಲು. ಆದರೆ ಅವರು ಕೇಳಿದ್ದು ಒಂದೇ ವಾಕ್ಯ, ಅದೂ ಆ ಸಿದ್ಧಾಂತದ ಮರ್ಮಕ್ಕೆ ತಾಗುವಂಥದ್ದು. ಅದು ಬಗೆಹರಿಯಲು ಭೌತವಿಜ್ಞಾನಿಗಳಿಗೆ ಮುಂದೆ ವರ್ಷಗಳೇ ಹಿಡಿದವು; ಯಾಂಗ್ ಮತ್ತು ಮಿಲ್ಸ್ ಅವರ ಆ ಸಿದ್ಧಾಂತ ಇವತ್ತಿನ ಕಣ ಭೌತವಿಜ್ಞಾನದ ಅಡಿಪಾಯ. ಪೌಲಿ ಎದುರು ಕೂತಿದ್ದರೆ ಹುಡುಗರು ಹೆದರಿಕೊಂಡಾರು. ಮೇಷ್ಟ್ರು ಎದುರು ಕೂತಿದ್ದರೆ ಹೆದರುವುದಿಲ್ಲ, ಬಳಲುತ್ತಾರೆ. ನನ್ನನ್ನು ಕೇಳಿದರೆ ಹೆದರಿಕೆಯೇ ವಾಸಿ, ಅದರಲ್ಲಿ ಕನಿಷ್ಠ ಒಂದು ಪ್ರಶ್ನೆ ಇರುತ್ತದೆ.

ಹಾಗೆಂದು ಮೇಷ್ಟ್ರ ಮಾತಿನಿಂದ ನಷ್ಟವಾಗುವುದು ವೇದಿಕೆಯ ಮೇಲಿನ ಹುಡುಗನಿಗೆ ಮಾತ್ರವಲ್ಲ. ಹಿಂದಿನಿಂದ ಎರಡನೆಯ ಸಾಲಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಾಳೆ. ದೂರದ ಊರಿನ ವಿಶ್ವವಿದ್ಯಾಲಯ, ರಾತ್ರಿ ಬಸ್ಸಿನಲ್ಲಿ ಬಂದಿಳಿದವಳು. ಭಾಷಣ ಕೇಳುತ್ತ ಪ್ಯಾಡಿನ ಮೇಲೆ ಏನೋ ಬರೆದುಕೊಂಡಿದ್ದಾಳೆ, ಒಂದು ಪದ ಹೊಡೆದು ಹಾಕಿ ಇನ್ನೊಂದು ಬರೆದಿದ್ದಾಳೆ. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಅವಳ ಕೈ ಕಿವಿಯ ಮಟ್ಟಕ್ಕೆ ಬಂದಿತ್ತು. ಮೇಷ್ಟ್ರು ಏಳುವುದನ್ನು ಕಂಡು ಅದು ಕೂದಲು ಸರಿಮಾಡಿಕೊಂಡು ಕೆಳಗಿಳಿಯಿತು. ಇದು ನನ್ನ ಕಲ್ಪನೆಯ ಮರುಕವಲ್ಲ. ಹತ್ತು ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಸೆಮಿನಾರುಗಳನ್ನು ಕೂತು ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸಭೆಯಲ್ಲಿದ್ದವರ ಪ್ರಮಾಣಕ್ಕೆ ಹೋಲಿಸಿದರೆ ಹೆಂಗಸರಿಗಿಂತ ಗಂಡಸರು ಪ್ರಶ್ನೆ ಕೇಳುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚಿತ್ತು. ಮೊದಲ ಪ್ರಶ್ನೆ ಗಂಡಸರಿಂದ ಬಂದರೆ ಆಮೇಲೆ ಹೆಂಗಸರ ಪಾಲು ಇನ್ನೂ ಕುಗ್ಗುತ್ತಿತ್ತು. ಪ್ರಶ್ನೆಗೆ ಹೆಚ್ಚು ಸಮಯ ಕೊಟ್ಟ ಕಡೆ ಅಂತರ ಕಡಿಮೆಯಾಗುತ್ತಿತ್ತು. ಮೊದಲ ಪ್ರಶ್ನೆಯನ್ನೂ ಇಡೀ ಸಮಯವನ್ನೂ ಒಬ್ಬರೇ ತೆಗೆದುಕೊಂಡರೆ ಏನಾಗುತ್ತದೆ ಎಂದು ಆ ಅಧ್ಯಯನ ಮಾಡಿದವರಿಗೆ ಹೊಳೆದಿರಲಾರದು. ಅವರು ಬೆಂಗಳೂರಿಗೆ ಬಂದು ಮೂರನೆಯ ಸಾಲು ನೋಡಬೇಕಿತ್ತು.

ಸಂಘಟಕರು ಸುಮ್ಮನೆ ಕೂತಿಲ್ಲ, ಪ್ರತಿ ವರ್ಷ ಒಂದೊಂದು ಉಪಾಯ ಹೂಡಿದ್ದಾರೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಡಿ ಎಂದರು. ಮೇಷ್ಟ್ರ ಚೀಟಿ ಎರಡೂ ಮಗ್ಗುಲು ತುಂಬಿ, ಕೆಳಗೆ 'ಮುಂದಿನ ಚೀಟಿ ನೋಡಿ' ಎಂದು ಬಂತು. ಕ್ಯೂಆರ್ ಕೋಡ್ ತೋರಿಸಿ, ಮೊಬೈಲಿನಲ್ಲಿ ಟೈಪು ಮಾಡಿ ಎಂದರು. ಮೇಷ್ಟ್ರು ದನಿಯಿಂದ ಅಕ್ಷರ ಮೂಡಿಸುವ ಸೌಲಭ್ಯವನ್ನು ಮೊಮ್ಮಗನಿಂದ ಕಲಿತು, ಭಾಷಣ ನಡೆಯುತ್ತಿರುವಾಗಲೇ ಫೋನಿಗೆ ಪಿಸುಗುಟ್ಟತೊಡಗಿದರು. ಮೈಕನ್ನು ಕೈಗೆ ಕೊಡಬೇಡ, ನೀನೇ ಬಾಯಿಯ ಹತ್ತಿರ ಹಿಡಿದುಕೋ ಎಂದು ಸ್ವಯಂಸೇವಕನಿಗೆ ಹೇಳಿಕೊಟ್ಟರು. "ಪಾಪ, ನಿನಗೆ ಕೈ ನೋಯುತ್ತೆ ಕೊಡಪ್ಪ" ಎಂದು ಮೇಷ್ಟ್ರು ಇಸಿದುಕೊಂಡರು. ಕೊನೆಗೆ, ಮೊದಲ ಪ್ರಶ್ನೆ ವಿದ್ಯಾರ್ಥಿಗಳಿಗೇ ಮೀಸಲು ಎಂಬ ನಿಯಮ ಬಂತು. ಬಹಳ ಒಳ್ಳೆಯ ನಿಯಮ, ಎಷ್ಟೋ ಕಡೆ ಇದು ಫಲ ಕೊಟ್ಟಿದೆ. ಅಧ್ಯಕ್ಷರು ಅದನ್ನು ಘೋಷಿಸಿ ಬಾಯಿ ಮುಚ್ಚುವ ಮೊದಲೇ ಮೇಷ್ಟ್ರು ಎದ್ದಿದ್ದರು.

"ಸರ್, ಮೊದಲು ವಿದ್ಯಾರ್ಥಿಗಳು..."

"ನಾನು ಇವತ್ತಿಗೂ ವಿದ್ಯಾರ್ಥಿನೇ ಕಣಯ್ಯ."

ಸಭೆ ಚಪ್ಪಾಳೆ ತಟ್ಟಿತು. ಇಂಥ ಮಾತಿಗೆ ನಮ್ಮವರು ಚಪ್ಪಾಳೆ ತಟ್ಟದೆ ಇರಲಾರರು, ಅದೇ ಈ ರೋಗದ ಅರ್ಧ ಭಾಗ.

ಒಂದು ವರ್ಷ ಅವರನ್ನೇ ಗೋಷ್ಠಿಯ ಅಧ್ಯಕ್ಷರನ್ನಾಗಿ ಮಾಡಿದರು. ಗಂಟೆ ಅವರ ಕೈಯಲ್ಲಿದ್ದರೆ ಸಮಯದ ಹೊಣೆ ಅವರದೇ ಆಗುತ್ತದೆ ಎಂಬ ಲೆಕ್ಕ. ಹೊಣೆಯನ್ನು ಅವರು ಬಹಳ ನಿಷ್ಠೆಯಿಂದ ಹೊತ್ತರು. ಭಾಷಣಕಾರರಿಗೆ ಹತ್ತನೇ ನಿಮಿಷಕ್ಕೆ ಒಂದು ಗಂಟೆ, ಹನ್ನೊಂದಕ್ಕೆ ಎರಡು, ಹನ್ನೆರಡಕ್ಕೆ ಮೈಕ್ ಬಂದ್. ಆಮೇಲೆ, "ಅಧ್ಯಕ್ಷನ ವಿಶೇಷಾಧಿಕಾರ ಬಳಸಿಕೊಂಡು ಮೊದಲ ಮಾತು ನಂದು" ಎಂದರು. ಆ ಬೆಳಗಿನ ಗೋಷ್ಠಿ ಮುಗಿದಾಗ ಮಧ್ಯಾಹ್ನದ ಬಿಸಿಬೇಳೆಬಾತ್ ತಣ್ಣಗಾಗಿ ಗಟ್ಟಿಯಾಗಿತ್ತು.

ಇಷ್ಟೆಲ್ಲ ಬರೆದ ಮೇಲೆ ಪೋಸ್ಟರ್ ಕೋಣೆಯ ಮೇಷ್ಟ್ರನ್ನೂ ತೋರಿಸದಿದ್ದರೆ ಅನ್ಯಾಯ. ಭಾಷಣಕ್ಕೆ ಅವಕಾಶ ಸಿಗದವರು ತಮ್ಮ ಕೆಲಸವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಬೋರ್ಡಿಗೆ ಅಂಟಿಸಿ, ಪಕ್ಕದಲ್ಲಿ ನಿಂತಿರುತ್ತಾರೆ. ಸಂಜೆ ಐದರ ಹೊತ್ತು. ಹಿರಿಯರೆಲ್ಲ ಕಾಫಿ ಲೋಟ ಹಿಡಿದು ಹಿರಿಯರ ಜೊತೆ ನಿಂತು ಗ್ರಾಂಟಿನ ಮಾತಾಡುತ್ತಿರುತ್ತಾರೆ. ಪೋಸ್ಟರಿನ ಮುಂದೆ ನಿಂತವರು ಪೋಸ್ಟರ್ ಅಂಟಿಸಿದವರೇ. ದೊಡ್ಡ ಸಂಸ್ಥೆಗಳ ಪೋಸ್ಟರುಗಳ ಬಳಿ ಒಂದಷ್ಟು ಜನ ಸುಳಿಯುತ್ತಾರೆ. ಸಣ್ಣ ಊರುಗಳಿಂದ ಬಂದವರಿಗೆ ಕಂಬದ ಹಿಂದೆ, ಶೌಚಾಲಯದ ದಾರಿಯಲ್ಲಿ ಜಾಗ ಸಿಕ್ಕಿರುತ್ತದೆ.

ಅಲ್ಲಿಗೆ ಹೋಗುವವರು ಮೇಷ್ಟ್ರು ಒಬ್ಬರೇ. ಮೊದಲ ಬೋರ್ಡಿನಿಂದ ಕೊನೆಯ ಬೋರ್ಡಿನವರೆಗೆ, ಒಂದನ್ನೂ ಬಿಡದೆ, ಕನ್ನಡಕ ತೆಗೆದು ಮೂಗು ಹಾಳೆಗೆ ತಾಗುವಷ್ಟು ಹತ್ತಿರ ಹೋಗಿ ಓದುತ್ತಾರೆ. ಕಂಬದ ಹಿಂದಿನ ಪೋಸ್ಟರು ಆ ಹಿಂದಿನ ಸಾಲಿನ ಹುಡುಗಿಯದು. ಆ ಹನ್ನೆರಡು ನಿಮಿಷದ ಹುಡುಗನ ಗೋಷ್ಠಿಯ ಹಿಂದಿನ ದಿನ ಸಂಜೆ ಮೇಷ್ಟ್ರು ಅದರ ಮುಂದೆ ನಿಂತು, "ಎಲ್ಲಿಂದ ಬಂದೆ? ಹಾಸ್ಟೆಲ್ ಊಟ ಹೇಗಿದೆ? ಗೈಡು ಕಾಗದ ಬರೆದರೆ ಉತ್ತರ ಕೊಡ್ತಾರಾ?" ಎಂದು ಕೇಳಿದರು. ಮೂರೂ ಪ್ರಶ್ನೆಗಳೇ, ಮೂರಕ್ಕೂ ಉತ್ತರ ಬರುವವರೆಗೆ ಕಾದರು. ಆಮೇಲೆ ಮೂರನೇ ಗ್ರಾಫಿನ ಮೇಲೆ ಬೆರಳಿಟ್ಟು, "ಈ ಅಕ್ಷದ ಮೇಲೆ ಏಕಮಾನ ಜಾನ್ಸ್ಕಿ ಅಂತ ಹಾಕಿದ್ದೀಯ. ಅಂಕಿ ನೋಡಿದರೆ ಮಿಲಿಜಾನ್ಸ್ಕಿ ಇರಬೇಕು ಅನಿಸ್ತಿದೆ, ಹೌದಾ?" ಎಂದರು. ಹೌದಾಗಿತ್ತು. ಗೈಡು, ಜೊತೆ ಲೇಖಕರು, ಆಯ್ಕೆ ಸಮಿತಿ ಯಾರಿಗೂ ಕಾಣದ್ದು. ಯಾರೂ ನೋಡುವ ಮೊದಲು ಪೆನ್ನಿನಿಂದ ತಿದ್ದಿಬಿಡು ಎಂದು ಜೇಬಿನ ಎರಡನೆಯ ಪೆನ್ನು ಕೊಟ್ಟರು. ಎರಡು ಪೆನ್ನು ಇಟ್ಟುಕೊಳ್ಳುವುದು ಇದಕ್ಕೇ ಎಂದು ನನಗೆ ಆಗ ತಿಳಿಯಿತು. ನೋಡಬೇಕಾದ ಹಳೆಯ ಪ್ರಬಂಧವೊಂದರ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು, ಮುಂದಿನ ಬೋರ್ಡಿಗೆ ಹೋದರು. ಗೌರಿಬಿದನೂರಿನ ಸುದ್ದಿ ಒಂದು ಸಲವೂ ಬರಲಿಲ್ಲ. ಮೈಕ್ ಇಲ್ಲದ ಕಡೆ ಅವರು ಬೇರೆಯೇ ಮನುಷ್ಯ.

ಮಾರನೇ ದಿನ ಮಧ್ಯಾಹ್ನ, ಅದೇ ಹನ್ನೆರಡು ನಿಮಿಷದ ಹುಡುಗನ ಮಾತು ಮುಗಿದು, ಮೇಷ್ಟ್ರ ಕಾಮೆಂಟೂ ಮುಗಿದು, ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತಿದ್ದರು. ಜಾಮೂನಿನ ಪಾತ್ರೆಯ ಹತ್ತಿರ ಆ ಹುಡುಗಿ ಭಾಷಣದ ಹುಡುಗನ ಹಿಂದೆ ನಿಂತಿದ್ದಳು. ಸ್ವಲ್ಪ ಹೊತ್ತು ಅನುಮಾನಿಸಿ, ಮೆಲ್ಲಗೆ ಕೇಳಿದಳು.

"ಅಯಾನುಗೋಳದ ತಿದ್ದುಪಡಿ ನೀವು ರಾತ್ರಿಯ ಡೇಟಾ ಇಟ್ಟುಕೊಂಡೇ ಮಾಡಿದ್ದಲ್ವಾ? ನಾಲ್ಕನೇ ಚಿತ್ರದಲ್ಲಿ ಹಗಲಿನ ಡೇಟಾನೂ ಇದೆ. ಹಗಲು ಹೊತ್ತು ಅದು ಬೇರೆ ಥರ ಇರತ್ತಲ್ಲ?"

ಹುಡುಗ ಜಾಮೂನಿಗೆ ಚಾಚಿದ ಕೈ ಹಿಂತೆಗೆದುಕೊಂಡ. "ಅಯ್ಯೋ," ಎಂದ. "ಅದನ್ನ ನಾವು ನೋಡೇ ಇಲ್ಲ." ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆಯತೊಡಗಿದ.

ಅವರ ಹಿಂದೆ ಮೊಸರನ್ನದ ತಟ್ಟೆ ಹಿಡಿದು ನಿಂತಿದ್ದ ಮೇಷ್ಟ್ರ ಮುಖ ಅರಳಿತು.

"ಎಂಥ ಪ್ರಶ್ನೆ ಕಣಮ್ಮ! ಇದನ್ನ ಒಳಗೇ ಕೇಳಬೇಕಿತ್ತು. ನಿಮ್ಮಂಥ ಹುಡುಗರು ಬಾಯಿ ಮುಚ್ಚಿಕೊಂಡು ಕೂತರೆ ಸೈನ್ಸು ಬೆಳೆಯೋದು ಹ್ಯಾಗೆ?"

"ಟೈಮ್ ಇರಲಿಲ್ಲ ಸರ್."

"ಅದೇ ನೋಡು. ಆ ಚೇರ್ಮನ್ನಿಗೆ ಟೈಮ್ ಹಿಡಿಯೋಕೆ ಬರಲ್ಲ. ಎಂಎಸ್ಸಿಯಲ್ಲೂ ಅವನದು ಇದೇ ಗೋಳು, ಒಂದು ಪೇಪರನ್ನೂ ಪೂರ್ತಿ ಬರೆದು ಮುಗಿಸ್ತಿರಲಿಲ್ಲ."